ಅರಮನೆಯಿಲ್ಲದ ಅರಮನೆಯವನ ಬೀದಿ

ಚೆನ್ನೈನ ಪ್ಯಾರೀಸ್ ಕಾರ್ನರ್ ಹತ್ತಿರ ಅರ್ಮೇನಿಯನ್ ಸ್ಟ್ರೀಟ್ ಇದೆ. ತಮಿಳಿನಲ್ಲಿ ಅದು ‘ಅರಣ್ಮನೈಕ್ಕಾರನ್ ತೆರು’, ಅಂದರೆ ಅರಮನೆಯವನ ಬೀದಿ. ‘ಅರ್ಮೇನಿಯನ್’ ಎಂಬ ಮಾತು ಜನರ ಬಾಯಲ್ಲಿ ಸವೆದು ಸವೆದು ಅರಮನೆಯಾಗಿಬಿಟ್ಟಿದೆ. ಆ ಬೀದಿಯ ಅರ್ಮೇನಿಯನ್ ಚರ್ಚಿನಲ್ಲಿ ಈಗ ಪೂಜೆಗೆ ಬರುವ ಅರ್ಮೇನಿಯನ್ನರಿಲ್ಲ. ಗಂಟೆಗಳಿವೆ, ನೆಲಕ್ಕೆ ಹಾಸಿದ ಸಮಾಧಿಗಲ್ಲುಗಳಿವೆ, ನನಗೆ ಓದಲು ಬಾರದ ಲಿಪಿಯಿದೆ.

ಅಲ್ಲಿ ಹಾರುತ್ಯುನ್ ಶ್ಮಾವೋನ್ಯನ್ ಎಂಬ ಪಾದ್ರಿಯ ಸಮಾಧಿಯೂ ಇದೆ. 1794ರಲ್ಲಿ ಇದೇ ಮದರಾಸಿನಿಂದ ಅವರು ‘ಅಜ್ದರಾರ್’ ಎಂಬ ಪತ್ರಿಕೆ ಹೊರಡಿಸಿದರು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ ಅದು. ನಮ್ಮ ‘ಮಂಗಳೂರ ಸಮಾಚಾರ’ ಬಂದದ್ದು 1843ರಲ್ಲಿ, ಅದೂ ಕನ್ನಡದ ನೆಲದಲ್ಲೇ. ಮದರಾಸಿನಲ್ಲಿ ನೆಲೆಸಿದ್ದ ಅರ್ಮೇನಿಯನ್ ವರ್ತಕರಲ್ಲಿ ಹೆಚ್ಚಿನವರ ಮೂಲ ಪರ್ಷಿಯಾದ ನ್ಯೂ ಜುಲ್ಫಾ. ಅಲ್ಲಿಗೂ ಅವರ ಹಿರಿಯರು ತಾವಾಗಿ ಹೋದವರಲ್ಲ, ಷಾ ಅಬ್ಬಾಸ್ ಹದಿನೇಳನೆಯ ಶತಮಾನದ ಆರಂಭದಲ್ಲಿ ಒಕ್ಕಲೆಬ್ಬಿಸಿ ತಂದು ಕೂರಿಸಿದವರು. ಬೆನ್ನಿಗೊಂದು ಸ್ವಂತ ರಾಜ್ಯವಿಲ್ಲದ ಜನ ಇಲ್ಲಿನ ಸೆಕೆಯಲ್ಲಿ ಕುಳಿತು ಅಚ್ಚಿನ ಮೊಳೆ ಜೋಡಿಸಿದರು!

ಚೆನ್ನೈನ ಕನ್ನಡಿಗರಾದ ನಾವೋ, ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಮೈಸೂರು. ಕನ್ನಡವನ್ನು ನೋಡಿಕೊಳ್ಳಲು ಅಲ್ಲೊಂದು ಸರ್ಕಾರವಿದೆ ಎಂಬ ಧೈರ್ಯದಲ್ಲೇ ನಮ್ಮ ಸೋಮಾರಿತನ ಕೊಬ್ಬಿದೆ ಎಂಬುದು ನನ್ನ ಗುಮಾನಿ. ಆದರೆ ಬೇರೆಡೆ ಇರುವ ಸರ್ಕಾರ ಮನೆಯೊಳಗಿನ ಭಾಷೆಯನ್ನು ಕಾಯುವುದಿಲ್ಲ. ಇದನ್ನೂ ಅರ್ಮೇನಿಯನ್ನರಿಂದಲೇ ಕಲಿಯಬೇಕು. ಅವರ ಭಾಷೆಗೆ ಎರಡು ಶಿಷ್ಟ ರೂಪಗಳಿವೆ. ಪೂರ್ವದ್ದು ಅರ್ಮೇನಿಯಾ ದೇಶದ ಆಡಳಿತ ಭಾಷೆ, ಗಟ್ಟಿಯಾಗಿ ನಿಂತಿದೆ. ಪಶ್ಚಿಮದ್ದು ಆಟೊಮನ್ ಸಾಮ್ರಾಜ್ಯದಲ್ಲಿದ್ದವರ ಮಾತು. 1915ರಿಂದ ನಡೆದ ನರಮೇಧದಲ್ಲಿ ಅದನ್ನಾಡುವ ಊರುಗಳೇ ಅಳಿದವು. ಉಳಿದವರು ಬೈರೂತಿನ ಬುರ್ಜ್ ಹಮ್ಮೂದ್‌ನಲ್ಲಿ ನೆಲೆಸಿ ಕೇರಿಗಳಿಗೆ ‘ನೋರ್ ಮರಾಶ್’, ‘ನೋರ್ ಅದನಾ’ ಎಂದು ಕಳೆದುಕೊಂಡ ಊರುಗಳದೇ ಹೆಸರಿಟ್ಟರು. ‘ನೋರ್’ ಎಂದರೆ ಹೊಸ. 2010ರಲ್ಲಿ ಯುನೆಸ್ಕೊ ಈ ಪಶ್ಚಿಮ ರೂಪವನ್ನು ಅಳಿವಿನಂಚಿನ ಭಾಷೆಗಳ ಸಾಲಿಗೆ ಸೇರಿಸಿತು. ಸೋವಿಯತ್ ಕಾಲದಲ್ಲಿ ಕಾಗುಣಿತ ಬದಲಾದ್ದರಿಂದ ದೇಶದೊಳಗಿನವರೂ ಹೊರಗಿನವರೂ ಒಂದೇ ಪದವನ್ನು ಬೇರೆ ಬೇರೆ ಬಗೆಯಲ್ಲಿ ಬರೆಯುತ್ತಾರೆ, ಅದಕ್ಕಾಗಿ ಜಗಳವನ್ನೂ ಆಡುತ್ತಾರೆ. ಜಗಳದ ವಿಷಯದಲ್ಲಿ ಮಾತ್ರ ನಾವು ಅವರಿಗೆ ಸರಿಸಮ.

ಅವರ ನೆನಪಿನ ಶಕ್ತಿಯನ್ನು ಕಂಡು ಅಸೂಯೆಪಡುವುದು ತಪ್ಪು ಎಂದು ನನಗೆ ಗೊತ್ತು. ಮೂಷ್ ಊರಿನ ಇಪ್ಪತ್ತೆಂಟು ಕಿಲೋ ತೂಕದ ಹಸ್ತಪ್ರತಿಯನ್ನು 1915ರಲ್ಲಿ ಇಬ್ಬರು ಹೆಂಗಸರು ಎರಡು ಪಾಲು ಮಾಡಿ ಹೊತ್ತು ಓಡಿದರು. ಈಗ ಅದು ಯೆರೆವಾನಿನ ಮತೆನದರಾನ್ ಗ್ರಂಥಾಲಯದಲ್ಲಿದೆ. ಅಂಥ ಬೆಲೆ ತೆತ್ತು ಭಾಷೆ ಉಳಿಸಿಕೊಳ್ಳುವ ಗತಿ ಯಾರಿಗೂ ಬೇಡ.

ಆದರೆ ಅವರ ಇನ್ನೊಂದು ಪದ್ಧತಿಗೆ ರಕ್ತದ ಬೆಲೆಯೇನೂ ಇಲ್ಲ. ಮೆಸ್ರೋಪ್ ಮಾಷ್ಟೋತ್ಸ್ 405ರ ಸುಮಾರಿಗೆ ರೂಪಿಸಿದ ಅಕ್ಷರಗಳನ್ನು ಅಲ್ಲಿನ ಒಂದನೇ ತರಗತಿಯ ಮಕ್ಕಳು ಕಲಿತು ಮುಗಿಸಿದಾಗ ಶಾಲೆಯಲ್ಲಿ ಹಬ್ಬ ಮಾಡುತ್ತಾರೆ. ನಮ್ಮಲ್ಲಿ ಹಬ್ಬ ಕಲಿಕೆಯ ಮೊದಲ ದಿನಕ್ಕೆ. ವಿಜಯದಶಮಿಯಂದು ನನ್ನ ಮಗಳ ಬೆರಳು ಹಿಡಿದು ಅಕ್ಕಿಯಲ್ಲಿ ‘ಅ’ ಬರೆಸಿದೆವು, ಫೋಟೊ ತೆಗೆದೆವು. ಆ ಅಕ್ಕಿಯಲ್ಲಿ ಪಾಯಸವಾಯಿತು. ‘ಆ’ ಮಾತ್ರ ಇನ್ನೂ ಬಂದಿಲ್ಲ, ಅವಳಿಗೀಗ ಒಂಬತ್ತು ವರ್ಷ. ಅಜ್ಜಿ ಮೈಸೂರಿನಿಂದ ಬರೆಯುವ ಕಾಗದವನ್ನು ನಾನೇ ಓದಿ ಹೇಳಬೇಕು.

ಈ ಸಲ ರಾಜ್ಯೋತ್ಸವದ ಸಭೆಯಲ್ಲಿ ವಾದ್ಯಗೋಷ್ಠಿಯ ದುಡ್ಡಿನಲ್ಲಿ ಭಾನುವಾರದ ಕನ್ನಡ ತರಗತಿ ನಡೆಸೋಣ ಎಂದೆ. ಹಿರಿಯರೊಬ್ಬರು, “ಎರಡೂ ಇರಲಿ, ಸ್ವಾಮಿ” ಎಂದರು. ವಾದ್ಯಗೋಷ್ಠಿಗೆ ಸಭಾಂಗಣ ತುಂಬಿತ್ತು. ತರಗತಿಗೆ ಮೂರು ಮಕ್ಕಳು ಬಂದಿದ್ದಾರೆ. ಅವರಲ್ಲಿ ಒಬ್ಬಳು ನನ್ನ ಮಗಳು, ಐಸ್‌ಕ್ರೀಮಿನ ಆಸೆಗೆ.