ಇವರು ಕಂಬಿ ಎಣಿಸಿದ ಕಥೆ

ಡೊಂಬಿವಲಿಯ ಹಳೇ ಬಿಲ್ಡಿಂಗಿನ ಒನ್ ಬಿಎಚ್‌ಕೆಯಲ್ಲಿ ಬೆಡ್‌ರೂಮು ಅಂದರೆ ಒಂದು ಮಂಚ, ಒಂದು ಗೋದ್ರೇಜ್ ಕಪಾಟು, ಉಳಿದದ್ದು ದೇವರ ದಯೆ. ನಮ್ಮ ಮನೆಯಲ್ಲಿ ಆ ದಯೆಯ ಅಗಲ ಎರಡೂವರೆ ಅಡಿ. ಅಲ್ಲೂ ಇಸ್ತ್ರಿ ಟೇಬಲ್ಲು, ಊರಿಂದ ಬಂದ ಜೋಳದ ಚೀಲ, ಮದುವೆಯಲ್ಲಿ ಯಾರೋ ಕೊಟ್ಟು ಇನ್ನೂ ಪೆಟ್ಟಿಗೆ ಬಿಚ್ಚದ ಡಿನ್ನರ್ ಸೆಟ್ಟು ಬಾಡಿಗೆ ಕೊಡದೆ ವಾಸವಾಗಿದ್ದವು. ನನಗೆ ಏಳು ತಿಂಗಳು ತುಂಬುವ ಹೊತ್ತಿಗೆ ಇವರು ಒಂದು ಭಾನುವಾರ ಅವನ್ನೆಲ್ಲ ಒಕ್ಕಲೆಬ್ಬಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಆಯತ ಬರೆದು, "ಇದು ಮಗುವಿನ ತೊಟ್ಟಿಲಿಗೆ" ಅಂತ ಘೋಷಿಸಿದರು. ಆವತ್ತೇ ಬೆಳಿಗ್ಗೆ ಧಾರವಾಡದಿಂದ ಬಂದಿಳಿದಿದ್ದ ನಮ್ಮವ್ವ ಓಡಿ ಬಂದು ಕಾಲಿನಿಂದ ಅದನ್ನು ಅಳಿಸಿಬಿಟ್ಟಳು. ಕೂಸು ಹುಟ್ಟುವ ಮೊದಲು ಮನೆಯಲ್ಲಿ ತೊಟ್ಟಿಲು ಇರಬಾರದಂತೆ. ತೊಟ್ಟಿಲ ನಕ್ಷೆಯೂ ಅದರಲ್ಲೇ ಬಂತಂತೆ.

ನಮ್ಮವ್ವನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಳಿಯನ ಜೊತೆ ಅವಳು ನೇರ ಮಾತಾಡುವುದಿಲ್ಲ. ಹತ್ತಡಿ ಕೋಣೆಯಲ್ಲಿ ಮೂವರೂ ಮೊಣಕೈ ತಾಗಿಸಿಕೊಂಡು ಕೂತಿದ್ದರೂ, "ನಿಮ್ಮನಿಯವರಿಗೆ ಚಾ ಬೇಕೇನ ಕೇಳವಾ" ಅಂತ ನನ್ನನ್ನೇ ಕೇಳುತ್ತಾಳೆ. ಇವರು "ಬೇಡ ಅಂತ ಹೇಳು" ಅನ್ನುತ್ತಾರೆ. ನಾನು ಎರಡೂ ಕಡೆಯ ಮಾತನ್ನು ಹಾಗೇ ದಾಟಿಸಬೇಕು. ದಾಟಿಸದಿದ್ದರೆ ಚಹಾ ಬಂದೇ ಬರುತ್ತದೆ.

ಆ ದಿನ ಸಂಜೆಯವರೆಗೆ ನಡೆದ ಮಾತುಕತೆಯಲ್ಲಿ ಒಂದು ಒಪ್ಪಂದವಾಯಿತು. ಕೊಳ್ಳಬಾರದು, ಮುಂಗಡ ಕೊಡಬಾರದು, ಆದರೆ "ನೋಡಾಕ ಏನೂ ಅಡ್ಡಿ ಇಲ್ಲ." ಇವರು ಕಂಪನಿಯಲ್ಲಿ ಕ್ವಾಲಿಟಿ ಕಂಟ್ರೋಲಿನವರು. ನೋಡುವುದಕ್ಕೇ ಸಂಬಳ ತಗೊಳ್ಳುವ ಮನುಷ್ಯ. ಅವರಿಗೆ ಅಷ್ಟು ಸಾಕಾಗಿತ್ತು.

ಅವ್ವನ ಮನಸ್ಸಿನಲ್ಲಿ ಆಯ್ಕೆ ಎಂದೋ ಮುಗಿದಿತ್ತು. ಮೊದಲ ತೊಟ್ಟಿಲು ತವರುಮನೆಯಿಂದ ಬರಬೇಕು, ತವರು ಧಾರವಾಡ ಜಿಲ್ಲೆ ಅಂದಮೇಲೆ ಅದು ಕಲಘಟಗಿಯಿಂದಲೇ ಬರಬೇಕು. ಕಲಘಟಗಿಯ ತೊಟ್ಟಿಲು ನೋಡದವರಿಗೆ ಹೇಳುವುದಾದರೆ, ಅರಗಿನ ಬಣ್ಣದಲ್ಲಿ ಕೆಂಪು, ಹಳದಿ, ಹಸಿರು ಫಳಫಳ ಹೊಳೆಯುತ್ತದೆ, ಪಟ್ಟಿಗಳ ಮೇಲೆ ರಾಮಾಯಣ ಮಹಾಭಾರತದ ಚಿತ್ರಗಳಿರುತ್ತವೆ, ಮೊಮ್ಮಕ್ಕಳ ಕಾಲಕ್ಕೂ ಅಟ್ಟದ ಮೇಲಿಂದ ಇಳಿದು ಬರುತ್ತದೆ. "ಅಂಬರೀಶ ಅವರು ಯಶ್ ಮಗಳಿಗೆ ಮಾಡಿಸಿದ್ದು ಕಲಘಟಗಿ ತೊಟ್ಟಿಲಾನ, ಹೇಳ ನಿಮ್ಮನಿಯವರಿಗೆ," ಅಂದಳು. ನಾನು ಹೇಳಿದೆ. "ಕಂಬಿ ಕಂಬಿ ನಡುವೆ ಎಷ್ಟು ಅಂತರ ಇರುತ್ತೆ, ಕೇಳು," ಅಂದರು ಇವರು.

ಅಂತರದ ವಿಷಯ ನಗುವಂಥದ್ದಲ್ಲ. ತೊಟ್ಟಿಲ ಕಂಬಿಗಳ ಸಂದು ದೊಡ್ಡದಿದ್ದರೆ ಕೂಸಿನ ಮೈ ಕಾಲ ಕಡೆಯಿಂದ ಜಾರಿ ಹೊರಬರುತ್ತದೆ, ತಲೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅಮೆರಿಕದ ನಿಯಮದ ಪ್ರಕಾರ ಸಂದು ಎರಡು ಇಂಚು ಮತ್ತು ಮೂರೆಂಟಾಂಶಕ್ಕಿಂತ, ಅಂದರೆ ಸುಮಾರು 6 ಸೆಂ.ಮೀ.ಗಿಂತ, ಹೆಚ್ಚಿರಬಾರದು. ಇವರು ರಾತ್ರಿಯೆಲ್ಲ ಮೊಬೈಲಿನಲ್ಲಿ ಓದಿ ನನ್ನನ್ನು ಎಬ್ಬಿಸಿ ಹೇಳಿದ್ದು ಇದನ್ನೇ. ಅವ್ವ ಧಾರವಾಡದ ಸೋದರಮಾವನಿಗೆ ಫೋನು ಹಚ್ಚಿದಳು. ಮಾವ ಯಾರದೋ ಮನೆಯ ಕಲಘಟಗಿ ತೊಟ್ಟಿಲ ಮುಂದೆ ನಿಂತು, "ನಾಕ ಬೆರಳ ಸಂದಿ ಐತಿ," ಅಂದ. ಇವರು ತಮ್ಮ ನಾಲ್ಕು ಬೆರಳನ್ನು ಅಳೆದುಕೊಂಡರು, ಆಮೇಲೆ ಕುಸ್ತಿಪಟುವಾಗಿದ್ದ ಮಾವನ ಬೆರಳುಗಳನ್ನು ನೆನೆದು ಬೆಚ್ಚಿಬಿದ್ದರು.

ಇನ್ನು ಡಬ್ಬಿಯ ಕಥೆ. ಟೇಪು ಇಲ್ಲದಿದ್ದಾಗ ಸಂದು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ತಂಪುಪಾನೀಯದ ಕ್ಯಾನು ಕಂಬಿಗಳ ನಡುವೆ ತೂರಿದರೆ ಆ ತೊಟ್ಟಿಲು ಬೇಡ. ಟೇಪು ಇಟ್ಟುಕೊಂಡೇ ತಿರುಗುವ ಮನುಷ್ಯನಿಗೆ ಈ ಉಪಾಯ ಯಾಕೆ ಬೇಕಿತ್ತೋ ಗೊತ್ತಿಲ್ಲ. ಗಂಡಸರಿಗೆ ಕೈಯಲ್ಲಿ ಹಿಡಿಯಲು ಏನಾದರೂ ಸಿಕ್ಕರೆ ಸಾಕು. ಸ್ಟೇಷನ್ನಿನ ಅಂಗಡಿಯಲ್ಲಿ ಒಂದು ಕ್ಯಾನು ಕೊಂಡು, ಕುಡಿಯದೆ ಹಾಗೇ ಹಿಡಿದುಕೊಂಡು ಲೋಕಲ್ ಹತ್ತಿದರು. ಹಿಂದೆ ನಾನು, ನನ್ನ ಹೊಟ್ಟೆ, ಬುತ್ತಿ ಚೀಲ ಹಿಡಿದ ಅವ್ವ. ಕಲ್ಯಾಣ ದಾಟಿ, ವಿಠ್ಠಲವಾಡಿ ದಾಟಿ, ಉಲ್ಹಾಸನಗರ. ಫರ್ನಿಚರು ಅಗ್ಗಕ್ಕೆ ಬೇಕಾದರೆ ಈ ಕಡೆಯವರೆಲ್ಲ ಹೋಗುವುದು ಅಲ್ಲಿಗೇ.

ಮೊದಲ ಅಂಗಡಿಯ ಸೇಟ್ ಒಳ್ಳೆಯ ಮನುಷ್ಯ. ನನಗೆ ಸ್ಟೂಲು ಕೊಟ್ಟ, ಫ್ಯಾನು ತಿರುಗಿಸಿದ. ಬಿಳಿ ಬಣ್ಣದ, ತೂಗಲು ಬರುವ ತೊಟ್ಟಿಲೊಂದನ್ನು ಹುಡುಗ ಎಳೆದು ತಂದು, "ನೋಡಿ ಅಮ್ಮಾ, ಎಷ್ಟು ನಯ!" ಅಂತ ಖಾಲಿ ತೊಟ್ಟಿಲನ್ನು ಜೋರಾಗಿ ತೂಗಿದ.

ಅವ್ವ ಕಿಟಾರನೆ ಕಿರುಚಿದಳು. ಬರಿದೊಟ್ಟಿಲು ತೂಗಬಾರದು ಅನ್ನುವುದು ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ಆ ಹುಡುಗನಿಗೆ ಗೊತ್ತಿರಲಿಲ್ಲ. ಏನೋ ಮೊಳೆ ಚುಚ್ಚಿತು ಅಂದುಕೊಂಡು ಅವನು ಇನ್ನೂ ನಾಲ್ಕು ಸಲ ತೂಗಿ ಪರೀಕ್ಷಿಸಿದ. ಅವ್ವ ಧಾವಿಸಿ ಹೋಗಿ ಕೈಯಲ್ಲಿದ್ದ ಬುತ್ತಿ ಚೀಲವನ್ನು ತೊಟ್ಟಿಲಲ್ಲಿ ಮಲಗಿಸಿ, "ಈಗ ತೂಗು," ಅಂದಳು, ಅಚ್ಚ ಕನ್ನಡದಲ್ಲಿ. ಅವನಿಗೆ ಅರ್ಥವಾಯಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಡಬ್ಬಿ ತೂಗಿಸಿಕೊಂಡವು. ಅಲ್ಲಿಂದ ಮುಂದೆ ಯಾವ ಅಂಗಡಿಗೆ ಹೋದರೂ ಮೊದಲು ಬುತ್ತಿ ಮಲಗುತ್ತಿತ್ತು, ಆಮೇಲೆ ಮಾತು. ಮಧ್ಯಾಹ್ನ ಡಬ್ಬಿ ತೆಗೆದಾಗ ಮೊಸರನ್ನ ಮಜ್ಜಿಗೆಯನ್ನವಾಗಿತ್ತು.

ಇತ್ತ ಇವರು ಕ್ಯಾನು ಹಿಡಿದು ಕಂಬಿಗಳ ಮುಂದೆ ಮಂಡಿಯೂರಿದ್ದರು. ತೂರಿತು. ಬಿಳಿ ತೊಟ್ಟಿಲು ಫೇಲು. ಸಾಗವಾನಿಯದೂ ಫೇಲು. ಪಕ್ಕದ ಅಂಗಡಿಯ ದುಬಾರಿ ಇಂಪೋರ್ಟೆಡ್ ಮಾಲೂ ಫೇಲು. ಸೇಟ್ ನನ್ನ ಬಳಿ ಬಂದು ಮೆಲ್ಲಗೆ, "ಸಾಬ್ ಅದನ್ನ ಯಾಕೆ ಕುಡೀತಿಲ್ಲ? ಬಿಸಿಯಾಗಿದ್ರೆ ನಾನು ತಣ್ಣಗಿಂದು ತರಿಸಲಾ?" ಅಂದ. ಇವರು ಅಷ್ಟರಲ್ಲಿ ಬಣ್ಣಕ್ಕೆ ಬಂದಿದ್ದರು. ಬಣ್ಣದಲ್ಲಿ ಸೀಸ ಇದೆಯೋ ಇಲ್ಲವೋ ಅಂತ ಕೇಳಿದರು. ಭಾರತದಲ್ಲಿ ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚಿರಬಾರದು ಅನ್ನುವ ನಿಯಮ 2017ರ ನವೆಂಬರ್‌ನಿಂದ ಇದೆ ಅಂತಲೂ ವಿವರಿಸಿದರು. ಸೇಟ್ ಉಗುರಿನಿಂದ ಬಣ್ಣ ಕೆರೆದು ತೋರಿಸಿ, "ಏಳೋದಿಲ್ಲ ಸಾಬ್, ಪಕ್ಕಾ. ಇದನ್ನೇನು ತಿನ್ನೋಕಿದೆಯಾ?" ಅಂದ.

"ಹೌದು. ಹಲ್ಲು ಬರೋ ಹೊತ್ತಿಗೆ ಮಗು ಇದನ್ನೇ ತಿನ್ನುತ್ತೆ," ಅಂದರು ಇವರು.

ಸೇಟ್ ನನ್ನ ಕಡೆ ನೋಡಿದ ನೋಟದಲ್ಲಿ ಅಪಾರ ಕರುಣೆಯಿತ್ತು.

ಎಲ್ಲ ಅಂಗಡಿ ಮುಗಿದು, ಒಂದು ತೊಟ್ಟಿಲೂ ಪಾಸಾಗದೆ, ಕಟ್ಟೆಯೊಂದರ ಮೇಲೆ ಕೂತು ಮಜ್ಜಿಗೆಯನ್ನ ತಿನ್ನುತ್ತಿದ್ದಾಗ ಅವ್ವ ಆ ಕ್ಯಾನನ್ನು ತಿರುಗಿಸಿ ಮುರುಗಿಸಿ ನೋಡಿ, "ಮೊದಲ ಈ ಡಬ್ಬಿ ದಪ್ಪ ಇರ್ತಿದ್ದವು. ಇದ್ಯಾಕ ಹಿಂಗ ಸಣಕಲ ಐತಿ, ಕೇಳವಾ," ಅಂದಳು. ಇವರು ಕೇಳಿಸಿಕೊಂಡು ಒಂದು ತುತ್ತು ಹಾಗೇ ಬಾಯಲ್ಲಿಟ್ಟುಕೊಂಡು ಕೂತರು. ಆಮೇಲೆ ಟೇಪು ತೆಗೆದರು. ಹಳೇ ಕಾಲದ ದಪ್ಪ ಕ್ಯಾನಿನ ಅಡ್ಡಳತೆ ಸುಮಾರು 6.6 ಸೆಂ.ಮೀ. ಅದು ತೂರಲಿಲ್ಲ ಅಂದರೆ ಸಂದು ಹೆಚ್ಚುಕಡಿಮೆ ಸರಿಯಿದೆ ಅಂತ ಲೆಕ್ಕ. ಈಗ ಎಲ್ಲೆಡೆ ಸಿಗುವ ಉದ್ದನೆಯ ತೆಳು ಕ್ಯಾನು 6 ಸೆಂ.ಮೀ. ಕೂಡ ಇಲ್ಲ. ನಿಯಮದ ಪ್ರಕಾರ ಮಾಡಿದ ತೊಟ್ಟಿಲಲ್ಲೂ ಅದು ಸಲೀಸಾಗಿ ತೂರುತ್ತದೆ. ಬೆಳಗಿನಿಂದ ಫೇಲಾದ ಅಷ್ಟೂ ತೊಟ್ಟಿಲುಗಳಿಗೆ ಮರುಮೌಲ್ಯಮಾಪನ ಆಗಬೇಕು ಅಂತ ಇವರು ಎದ್ದರು. ನಾನು ಏಳಲಿಲ್ಲ. ಕ್ಯಾನನ್ನು ಅಲ್ಲೇ ಒಡೆದು ಕುಡಿದುಬಿಟ್ಟೆ. ಬಿಸಿಯಾಗಿತ್ತು.

ಇಷ್ಟರಲ್ಲಿ ನ್ಯೂಜೆರ್ಸಿಯ ಅತ್ತಿಗೆಗೆ, ಅಂದರೆ ಇವರ ಅಕ್ಕನಿಗೆ, ಸುದ್ದಿ ಮುಟ್ಟಿತ್ತು. "ದುಡ್ಡು ಯಾಕೆ ದಂಡ ಮಾಡ್ತೀರಿ? ನನ್ನ ಮಗ ಮಲಗಿದ ಕ್ರಿಬ್ ಹಾಗೇ ಇದೆ, ಗಟ್ಟಿ ಮೇಪಲ್ ಮರದ್ದು," ಅಂತ, ಪುಣೆಗೆ ವಾಪಸು ಬರುತ್ತಿದ್ದ ಪರಿಚಯದವರ ಮನೆಸಾಮಾನಿನ ಜೊತೆ ಕಳಿಸಿಯೇ ಬಿಟ್ಟರು. ಅದು ಟೆಂಪೋದಲ್ಲಿ ನಮ್ಮ ಬಿಲ್ಡಿಂಗಿಗೆ ಬಂದಾಗ ಲಿಫ್ಟಿನಲ್ಲಿ ಹಿಡಿಸಲಿಲ್ಲ. ವಾಚ್‌ಮನ್ನೂ ಇವರೂ ಸೇರಿ ಮೆಟ್ಟಿಲ ಮೇಲೆ ಹೊತ್ತು ತಂದರು. ಕೂಸು ಹುಟ್ಟುವ ಮೊದಲು ತೊಟ್ಟಿಲು ಮನೆಗೆ ಬಂತಲ್ಲ ಅಂತ ಅವ್ವ ತಲೆ ಮೇಲೆ ಕೈಹೊತ್ತಳು. ಬಿಡಿಬಿಡಿಯಾಗಿ ಬಂದದ್ದು ಹಲಗೆ, ತೊಟ್ಟಿಲಲ್ಲ ಅಂತ ಸಮಾಧಾನ ಮಾಡಿದೆವು.

ಅದನ್ನು ಜೋಡಿಸಲು ಕೂತಾಗ ಇವರ ಮುಖ ಬಾಡಿತು. ಅದು 2008ರ ಮಾಲು. ಒಂದು ಬದಿಯ ಕಟಕಟೆಯನ್ನು ಕೆಳಗಿಳಿಸಿ ಮಗುವನ್ನು ಎತ್ತಿಕೊಳ್ಳುವ ಜಾತಿಯದ್ದು. ಬಾಗುವ ಕಷ್ಟ ಇಲ್ಲ ಅಂತ ಒಂದು ಕಾಲದಲ್ಲಿ ಎಲ್ಲರಿಗೂ ಅದೇ ಬೇಕಿತ್ತು. ಆದರೆ ಆ ಇಳಿಯುವ ಬದಿಯ ಕೊಂಡಿಗಳು ಸಡಿಲವಾಗಿ, ಹಾಸಿಗೆಗೂ ಕಟಕಟೆಗೂ ನಡುವೆ ಸಂದಾಗಿ ಮಕ್ಕಳು ಸಿಕ್ಕಿಕೊಂಡು ಸತ್ತ ಮೇಲೆ, ಅಮೆರಿಕದಲ್ಲಿ 2011ರ ಜೂನ್‌ನಿಂದ ಅಂಥವನ್ನು ಮಾರುವುದಕ್ಕೇ ನಿಷೇಧವಿದೆ. ಸಾಲದ್ದಕ್ಕೆ ಬೋಲ್ಟುಗಳು ಅಲ್ಲೇ ಎಲ್ಲೋ ಉಳಿದುಬಿಟ್ಟಿದ್ದವು. ಹಳೇ ತೊಟ್ಟಿಲಿಗೆ ಕೈಗೆ ಸಿಕ್ಕಿದ ಬೋಲ್ಟು ಹಾಕಿ ಬಿಗಿಯುವುದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ. ಆದರೆ ಇದನ್ನು ಅಕ್ಕನಿಗೆ ಹೇಳುವವರು ಯಾರು? ಫೋನಿನಲ್ಲಿ "ತಲುಪಿತು, ತುಂಬಾ ಚೆನ್ನಾಗಿದೆ" ಅಂದರು. ಕ್ವಾಲಿಟಿ ಕಂಟ್ರೋಲು ಕಂಪನಿಯ ಗೇಟಿನವರೆಗೆ ಮಾತ್ರ.

ಮೃಗಶಿರಾ ಮಳೆ ಹಿಡಿದ ವಾರ ಮಗಳು ಹುಟ್ಟಿದಳು. ಈಗ ಕೊಳ್ಳಲು ಅವ್ವನ ಅಡ್ಡಿಯಿರಲಿಲ್ಲ, ದುಡ್ಡೂ ತವರಿನದೇ. ಉಲ್ಹಾಸನಗರದ ಅದೇ ಸೇಟ್ ಅಂಗಡಿಯಿಂದ ಒಂದು ಸಣ್ಣ, ನಾಲ್ಕೂ ಬದಿ ಗಟ್ಟಿ, ತೂಗಲು ಬಾರದ ತೊಟ್ಟಿಲು ಬಂತು. ಹಾಸಿಗೆ ಗಟ್ಟಿ, ಅದರ ಅಂಚಿನಲ್ಲಿ ಎರಡು ಬೆರಳೂ ತೂರುವುದಿಲ್ಲ, ಮೂಲೆಯಲ್ಲಿ ಅಂಗಿ ಸಿಕ್ಕಿಕೊಳ್ಳುವಂಥ ಗುಬಟಿಲ್ಲ. ಗಿಣಿಯಿಲ್ಲ, ಹೂವಿಲ್ಲ, ರಾಮಾಯಣದ ಒಂದು ಕೋತಿಯೂ ಇಲ್ಲ. ಅದನ್ನಿಟ್ಟ ಮೇಲೆ ಕಪಾಟಿನ ಒಂದೇ ಬಾಗಿಲು ತೆರೆಯುತ್ತದೆ. ಆ ಬಾಗಿಲ ಹಿಂದೆ ಇದ್ದ ಮೂರು ಅಂಗಿಗಳನ್ನೇ ಇವರು ಈಗ ತಿರುಗಿಸಿ ತಿರುಗಿಸಿ ಹಾಕುತ್ತಾರೆ.

ಯುದ್ಧ ನಿಜವಾಗಿ ಶುರುವಾದದ್ದು ಆಮೇಲೆ. ಅವ್ವ ತಂದ ಗಂಟು ಬಿಚ್ಚಿದಳು. ಹಳೇ ಇಳಕಲ್ ಸೀರೆಗಳ ಕೌದಿ, ತಲೆ ದುಂಡಗಾಗಲು ಸಾಸಿವೆ ತುಂಬಿದ ದಿಂಬು, ಸುತ್ತ ಒತ್ತಾಗಿ ಇಡಲು ಹತ್ತಿಯ ಲೋಡುಗಳು. ಡಾಕ್ಟರು ಒಂದನ್ನೂ ಒಪ್ಪಲಿಲ್ಲ. ಮೆತ್ತನೆಯದೇನೇ ಇದ್ದರೂ ಮೂಗಿಗೆ ಅಡ್ಡ ಬರುತ್ತದೆ, ಬರಿ ಹಾಸಿಗೆ, ಬಿಗಿಯಾದ ಒಂದು ಚಾದರ, ಅಂಗಾತ ಮಲಗಿಸಿ, ತೊಟ್ಟಿಲು ನಿಮ್ಮ ಕೋಣೆಯಲ್ಲೇ ಇರಲಿ, ಅಷ್ಟೇ ಅಂದರು. ಬಟ್ಟೆಯ ಜೋಲಿ ಕಟ್ಟಲೇ ಅಂದದ್ದಕ್ಕೆ, ಅದರಲ್ಲಿ ಮೈ ಬಾಗಿ ಗದ್ದ ಎದೆಗೆ ಒತ್ತುತ್ತದೆ, ನಿದ್ದೆಗೆ ಬೇಡ ಅಂದರು. ಮಕ್ಕಳನ್ನು ಬೋರಲು ಮಲಗಿಸಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರು 1992ರಲ್ಲಿ ಹೇಳಿ, 1994ರಲ್ಲಿ ಊರೆಲ್ಲ ಸಾರಿದ ಮೇಲೆ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಕೂಸುಗಳ ಸಂಖ್ಯೆ ಅಲ್ಲಿ ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತಂತೆ. ಅಲ್ಲಿ 2022ರ ಕಾಯ್ದೆಯಲ್ಲಿ ಸುತ್ತ ಕಟ್ಟುವ ಮೆತ್ತೆಗಳನ್ನೂ ನಿಷೇಧಿಸಿದ್ದಾರೆ ಅಂತ ಇವರು ಸೇರಿಸಿದರು.

"ಹಾಸಿಗಿ ಬರೀದು, ಸುತ್ತ ಕಂಬಿ. ಕೂಸೇನ ಕೊಲಿ ಮಾಡಿ ಬಂದೈತೇನ?" ಅಂದಳು ಅವ್ವ. ಇದನ್ನು ನಾನು ದಾಟಿಸಲಿಲ್ಲ. ಕೌದಿ ನೆಲಕ್ಕೆ ಬಂತು. ಎಚ್ಚರವಿದ್ದಾಗ ನಮ್ಮ ಕಣ್ಣೆದುರು ಮಗಳು ಅದರ ಮೇಲೆ ಬೋರಲಾಗಿ ಈಜುತ್ತಾಳೆ. ಸಾಸಿವೆ ದಿಂಬು ಇವರ ಕುತ್ತಿಗೆ ನೋವಿಗೆ ಬಹಳ ಹಿತವಾಗಿದೆಯಂತೆ.

ಹೆಸರಿಡುವ ದಿನ ಅವ್ವನಿಗೆ ಗುಂಡುಕಲ್ಲು ಬೇಕಾಯಿತು. ಕೂಸನ್ನು ಮಲಗಿಸುವ ಮೊದಲು ತೊಟ್ಟಿಲಲ್ಲಿ ಕಲ್ಲನ್ನು ಮಲಗಿಸುವುದು ಶಾಸ್ತ್ರ. ಮಿಕ್ಸಿ ಮನೆಯಲ್ಲಿ ಗುಂಡುಕಲ್ಲೆಲ್ಲಿ? ಎದುರು ಮನೆಯ ಮರಾಠಿ ಕಾಕು, ತಮ್ಮ ಬಾರಸೆಯಲ್ಲೂ, ಅಂದರೆ ನಾಮಕರಣದಲ್ಲೂ, ಇದೇ ಪದ್ಧತಿ ಅಂತ, ವರವಂಟಾ ಅನ್ನುವ ತಮ್ಮ ಅರೆಯುವ ಕಲ್ಲನ್ನು ತೊಳೆದು, ಅದಕ್ಕೊಂದು ಕುಂಚಿಗೆ ಹಾಕಿಕೊಂಡೇ ತಂದರು. ಹೆಂಗಸರೆಲ್ಲ ಹಾಡು ಹೇಳುತ್ತಾ ಕಲ್ಲನ್ನು ಮಲಗಿಸಿದರು. ನಮ್ಮ ಸಮಸ್ತ ಶಾಸ್ತ್ರಗಳಲ್ಲಿ ಇವರಿಗೆ ಮೆಚ್ಚಿಗೆಯಾದದ್ದು ಇದೊಂದೇ. "ಲೋಡ್ ಟೆಸ್ಟ್!" ಅಂತ ಕಣ್ಣರಳಿಸಿ, ಬಗ್ಗಿ ತೊಟ್ಟಿಲ ತಳ ನೋಡಿ, ಇನ್ನೊಂದು ಕಲ್ಲು ಸಿಗಬಹುದೇ ಅಂತ ಕಾಕುವನ್ನು ವಿಚಾರಿಸಿದರು.

ಅದೇ ಹೊತ್ತಿಗೆ ನ್ಯೂಜೆರ್ಸಿಯಿಂದ ವಿಡಿಯೋ ಕಾಲ್ ಬಂತು. ಅತ್ತಿಗೆ ತೊಟ್ಟಿಲು ತೋರಿಸಿ ಅಂದರು. ಇವರು ಗಾಬರಿಯಲ್ಲಿ ಫೋನನ್ನು ಬಾಲ್ಕನಿಯ ಕಡೆ ತಿರುಗಿಸಿಬಿಟ್ಟರು. ಅಲ್ಲಿ ಮೇಪಲ್ ಮರದ ಕಟಕಟೆ ಗೋಡೆಗೊರಗಿ ನಿಂತಿತ್ತು, ಒಂದೊಂದು ಕಂಬಿಯ ಮೇಲೂ ಒಂದೊಂದು ಲಂಗೋಟಿ.

"ಅದು... ನಮ್ಮ ಕ್ರಿಬ್ ಅಲ್ವೇನೋ?" ಅಂತ ಕೇಳಿಸಿತು.

ಇವರು ನನ್ನ ಮುಖ ನೋಡಿದರು, ನಾನು ಕಾಕುವಿನ ಮುಖ ನೋಡಿದೆ. ಅವ್ವ ಫೋನು ಇಸಿದುಕೊಂಡು, ಜೀವನದಲ್ಲಿ ಮೊದಲ ಸಲ ಬೀಗರ ಕಡೆಯವರ ಜೊತೆ ನೇರವಾಗಿ ಮಾತಾಡಿದಳು. "ಹೌದ್ರೀ, ನಿಮ್ದ. ಭಾಳ ಗಟ್ಟಿ ಐತ್ರೀ. ಈ ಮುಂಬೈ ಮಳ್ಯಾಗ ಬ್ಯಾರೆ ಯಾವುದರ ಮ್ಯಾಲೂ ಇಷ್ಟ ಲಗೂ ಒಣಗೂದಿಲ್ಲ ನೋಡ್ರಿ. ಇನ್ನೊಂದ ಬದಿ ಇದ್ರ ಅದನ್ನೂ ಕಳಿಸಿಕೊಡ್ರಿ."