ಮೂಡಿಗೆರೆಯ ವೈದ್ಯನೂ ಒಂದು ಸಿಮ್ ಕಾರ್ಡೂ

ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಟಿ.ವಿ. ಹಾಕಬಾರದಿತ್ತು. ಭಯೋತ್ಪಾದನೆ ನಿಗ್ರಹದ ಬಗ್ಗೆ ನಡೆಯುತ್ತಿದ್ದ ಚರ್ಚೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರು, "ಉಗ್ರರು ಬೇರೆ, ಮುಸ್ಲಿಮರು ಬೇರೆ ಎನ್ನುವುದೆಲ್ಲ ವೋಟಿಗಾಗಿ ಹುಟ್ಟಿದ ಮಾತು, ತನಿಖೆ ಮಾಡುವವರಿಗೆ ಅಷ್ಟೆಲ್ಲ ಸೂಕ್ಷ್ಮ ನೋಡುತ್ತ ಕೂರಲು ಪುರುಸೊತ್ತಿರುವುದಿಲ್ಲ" ಎಂದರು. ನಿರೂಪಕರು ತಲೆದೂಗಿದರು. ಎದುರಿಗೆ ಕೂರಿಸಿದ್ದ ಮೌಲ್ವಿಯೊಬ್ಬರು ಬಾಯಿ ತೆರೆಯುವಷ್ಟರಲ್ಲಿ ಜಾಹೀರಾತು ಬಂತು. ಸರ್ಕಾರಿ ವಕೀಲನಾಗಿ ನಾನು ಎಂತೆಂಥ ಆರೋಪಪಟ್ಟಿಗಳನ್ನು ಓದಿ ಹಣೆ ಚಚ್ಚಿಕೊಂಡಿದ್ದೇನೆ ಎಂಬುದು ಇಲ್ಲಿನ ಹಳೆಯ ಗೆಳೆಯರಿಗೆ ಗೊತ್ತೇ ಇದೆ. ಪುರುಸೊತ್ತಿಲ್ಲದವರು ಮಾಡಿದ ತನಿಖೆ ಪಾಟಿಸವಾಲಿನಲ್ಲಿ ಹೇಗೆ ಮಕಾಡೆ ಮಲಗುತ್ತದೆ ಎಂಬುದನ್ನು ಆ ಮಹನೀಯರು ತಮ್ಮ ಸೇವಾವಧಿಯಲ್ಲಿ ಒಮ್ಮೆಯೂ ನೋಡಲಿಲ್ಲವೆಂದರೆ ಅವರ ಅದೃಷ್ಟವನ್ನು ಮೆಚ್ಚಬೇಕು.

ಮೊದಲೇ ಹೇಳಿಬಿಡುತ್ತೇನೆ: ಇದು ಸೌಹಾರ್ದದ ಬರಹವಲ್ಲ. ರಂಜಾನಿಗೆ ಬಿರಿಯಾನಿ, ಯುಗಾದಿಗೆ ಹೋಳಿಗೆ ಎಂದು ಫೋಟೊ ಹಾಕುವವರ ಗುಂಪಿಗೆ ನಾನು ಸೇರಿದವನಲ್ಲ, ಅಂಥ ಫೋಟೊಗಳು ನನಗೆ ಸ್ವಲ್ಪ ಕಿರಿಕಿರಿಯನ್ನೇ ಉಂಟುಮಾಡುತ್ತವೆ. ಉಗ್ರರನ್ನು ಒಂದು ಇಡೀ ಧರ್ಮದ ಜನರಿಂದ ಬೇರ್ಪಡಿಸಿ ನೋಡಬೇಕು ಎನ್ನುವುದು ಆ ಜನರಿಗೆ ನಾವು ಮಾಡುವ ಉಪಕಾರವಲ್ಲ. ಅದು ತನಿಖೆ ಎಂಬ ಕೆಲಸದ ಮೊದಲ ಅರ್ಧ. ಅದನ್ನು ಮಾಡದವನು ಕಠಿಣ ಅಧಿಕಾರಿಯಲ್ಲ, ಸೋಮಾರಿ ಅಧಿಕಾರಿ.

ನಮ್ಮ ಜಿಲ್ಲೆಯವರಾದರೂ ಡಾ. ಮೊಹಮ್ಮದ್ ಹನೀಫ್ ಪ್ರಕರಣವನ್ನು ಮರೆತಿರಬಾರದು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣಕ್ಕೆ ಗ್ಯಾಸ್ ಸಿಲಿಂಡರ್ ತುಂಬಿದ ಜೀಪನ್ನು ನುಗ್ಗಿಸಿದವನು ಕಫೀಲ್ ಅಹ್ಮದ್. ಬೆಂಗಳೂರಿನವನು, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವನು. ಸುಟ್ಟ ಗಾಯಗಳಿಂದ ಆಗಸ್ಟ್ 2ರಂದು ಸತ್ತ. ಅವನ ಬಗ್ಗೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಅವನ ಜೊತೆಗಿದ್ದ ಬಿಲಾಲ್ ಅಬ್ದುಲ್ಲಾ ಎಂಬ ವೈದ್ಯನಿಗೆ ಬ್ರಿಟಿಷ್ ನ್ಯಾಯಾಲಯವು ಕನಿಷ್ಠ 32 ವರ್ಷ ಜೈಲಿನಲ್ಲಿರಬೇಕೆಂದು ವಿಧಿಸಿದ್ದು ಸರಿಯಾಗಿಯೇ ಇದೆ. ಕಫೀಲನ ತಮ್ಮ ದಾಳಿಯ ನಂತರ ಅಣ್ಣನ ಇಮೇಲ್ ನೋಡಿಯೂ ಪೊಲೀಸರಿಗೆ ತಿಳಿಸಲಿಲ್ಲ. ಮಾಹಿತಿ ಮುಚ್ಚಿಟ್ಟ ಆ ಅಪರಾಧಕ್ಕೆ ಅವನಿಗೂ ಶಿಕ್ಷೆಯಾಯಿತು, ಆದರೆ ದಾಳಿಯ ಸಂಗತಿ ಅವನಿಗೆ ಮೊದಲೇ ತಿಳಿದಿರಲಿಲ್ಲ ಎಂಬುದನ್ನು ಅದೇ ನ್ಯಾಯಾಲಯ ಒಪ್ಪಿಕೊಂಡಿತು.

ಇನ್ನು ಈ ಬಳಗದ ಮೂರನೆಯವರು ಹನೀಫ್. ಹುಟ್ಟಿದ್ದು ಮೂಡಿಗೆರೆಯಲ್ಲಿ, ಈ ಅಣ್ಣತಮ್ಮಂದಿರಿಗೆ ದೂರದ ದಾಯಾದಿ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ. 2006ರಲ್ಲಿ ಬ್ರಿಟನ್ ಬಿಟ್ಟು ಹೊರಡುವಾಗ, ಉಳಿದಿದ್ದ ಟಾಕ್‌ಟೈಮ್ ವ್ಯರ್ಥವಾಗಬಾರದೆಂದು ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟುಬಂದಿದ್ದರು. ನಮ್ಮಲ್ಲಿ ಯಾರು ಕೊಟ್ಟಿಲ್ಲ ಹೇಳಿ. ಬೆಂಗಳೂರಿನಲ್ಲಿ ಹೆಂಡತಿಗೆ ಹೆರಿಗೆಯಾಗಿ ಒಂದು ವಾರವೂ ಆಗಿರಲಿಲ್ಲ, ಮಗುವನ್ನು ನೋಡಲು ಹೊರಟವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಹೊರಡುವ ಮುನ್ನ ಅವರು ಬ್ರಿಟಿಷ್ ಪೊಲೀಸ್ ಅಧಿಕಾರಿಯೊಬ್ಬರಿಗೆ ತಾವಾಗಿಯೇ ಪದೇ ಪದೇ ಫೋನ್ ಮಾಡಿದ್ದರು, ಕರೆ ಸಿಕ್ಕಿರಲಿಲ್ಲ. ಓಡಿಹೋಗುವವನು ಪೊಲೀಸರಿಗೆ ಫೋನ್ ಮಾಡಿ ಹೋಗುವ ಪದ್ಧತಿಯನ್ನು ನಾನಂತೂ ನನ್ನ ವೃತ್ತಿಯಲ್ಲಿ ಕಂಡಿಲ್ಲ.

ಆರೋಪ ಹೊರಿಸದೆ 12 ದಿನ ಕೂಡಿಹಾಕಿದ ಮೇಲೆ ಆರೋಪ ಹೊರಿಸಿದರು. ಆ ಸಿಮ್ ಗ್ಲಾಸ್ಗೊದಲ್ಲಿ ಉರಿದ ಜೀಪಿನೊಳಗೇ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿ. ನಮ್ಮ ತಾಲ್ಲೂಕು ಠಾಣೆಯ ಹೆಡ್ ಕಾನ್‌ಸ್ಟೆಬಲ್ ಇಂಥ ಮಹಜರು ಬರೆದು ತಂದಿದ್ದರೆ ಕಾಫಿ ಕೊಡಿಸಿ ವಾಪಸು ಕಳಿಸುತ್ತಿದ್ದೆ. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರೆ, ಅದೇ ದಿನ ವಲಸೆ ಸಚಿವ ಕೆವಿನ್ ಆ್ಯಂಡ್ರೂಸ್ ಶಂಕಿತರ ಒಡನಾಟವನ್ನು ಮುಂದಿಟ್ಟುಕೊಂಡು ವೀಸಾ ರದ್ದುಮಾಡಿದರು. ಹನ್ನೊಂದು ದಿನಗಳಲ್ಲಿ ಅಭಿಯೋಜಕರೇ ಪ್ರಕರಣವನ್ನು ಹಿಂತೆಗೆದುಕೊಂಡರು. ಆಗಸ್ಟಿನಲ್ಲಿ ವೀಸಾ ಆದೇಶವನ್ನು ತಳ್ಳಿಹಾಕಿದ ನ್ಯಾಯಮೂರ್ತಿ ಸ್ಪೆಂಡರ್ ವಿಚಾರಣೆಯ ವೇಳೆ, ಒಡನಾಟವೇ ಅಳತೆಗೋಲಾದರೆ ವಕೀಲಿಕೆಯ ದಿನಗಳಲ್ಲಿ ಆರೋಪಿಗಳ ಜೊತೆ ಒಡನಾಡಿದ್ದ ತಾವೂ ಅದರಲ್ಲಿ ಪಾಸಾಗುವುದಿಲ್ಲ ಎಂಬರ್ಥದ ಮಾತನ್ನು ಆಡಿದ್ದರು. ಅದನ್ನು ಓದಿದಾಗ ನನಗಾದ ಸಂತೋಷವನ್ನು ವಕೀಲರಲ್ಲದವರಿಗೆ ವಿವರಿಸುವುದು ಕಷ್ಟ.

ಈ ಕಥೆಯಲ್ಲಿ ನನ್ನನ್ನು ಇಂದಿಗೂ ಕೆರಳಿಸುವ ಸಂಗತಿ ಬೇರೆಯೇ ಇದೆ. ಹನೀಫರಿಗೆ ದಾಳಿಯ ಬಗ್ಗೆ ತಿಳಿದಿತ್ತು ಎನ್ನುವುದಕ್ಕೆ ತನ್ನ ಬಳಿ ಯಾವ ಮಾಹಿತಿಯೂ ಇಲ್ಲವೆಂದು ಆಸ್ಟ್ರೇಲಿಯಾದ ಗುಪ್ತಚರ ಸಂಸ್ಥೆಯೇ, ಆರೋಪ ಹೊರಿಸುವುದಕ್ಕೆ ಮುಂಚೆ, ಜುಲೈ 11ರಂದೇ ಬರೆದುಕೊಟ್ಟಿತ್ತು. ಈ ಪ್ರಕರಣವನ್ನು ಹೇಗೆ ನಡೆಸಿದರೆಂದು ತಿಳಿಯಲು ನಂತರ ನಡೆದ ಕ್ಲಾರ್ಕ್ ವಿಚಾರಣೆಯಿಂದ ಇದು ಹೊರಬಿತ್ತು. ಅಂದರೆ ಬೇರ್ಪಡಿಸಿ ನೋಡುವ ಕೆಲಸವನ್ನು ಮಾಡಬೇಕಾದವರು ಮಾಡಿಯೇ ಇದ್ದರು, ಅದು ಬೇಡವಾದದ್ದು ಉಳಿದವರಿಗೆ. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಹನೀಫರಿಗೆ ಪರಿಹಾರ ಕೊಟ್ಟಿತು. ಒಂದೇ ಧರ್ಮ, ಒಂದೇ ರಾಜ್ಯ, ಒಂದೇ ಬಳಗದ ಮೂವರು: ಒಬ್ಬ ಉಗ್ರ, ಒಬ್ಬ ಮಾಹಿತಿ ಮುಚ್ಚಿಟ್ಟವನು, ಒಬ್ಬ ನಿರಪರಾಧಿ. ಧರ್ಮ ನೋಡಿ ಇವರಲ್ಲಿ ಯಾರು ಯಾರೆಂದು ಹೇಳಬಲ್ಲಿರಾ, ನಿವೃತ್ತ ಅಧಿಕಾರಿಗಳೇ?

"ಹಾಗಾದರೆ ಹನೀಫರನ್ನು ಪ್ರಶ್ನಿಸಲೇಬಾರದಿತ್ತೇ?" ಎಂದು ಕೇಳುವವರಿದ್ದಾರೆ. ಖಂಡಿತ ಪ್ರಶ್ನಿಸಬೇಕಿತ್ತು, ಅವರ ಸಿಮ್ ಶಂಕಿತನ ಕೈಯಲ್ಲಿತ್ತು. ಪ್ರಶ್ನೆ ಕೇಳುವುದು ತನಿಖೆ. ಸಿಕ್ಕ ಉತ್ತರ ಹಿಡಿಸಲಿಲ್ಲವೆಂದು ಮನುಷ್ಯನನ್ನು ಬಿಡದಿರುವುದು ತನಿಖೆಯಲ್ಲ. "ಎಲ್ಲರನ್ನೂ ಜರಡಿ ಹಿಡಿದರೆ ಒಬ್ಬನಾದರೂ ಸಿಗುತ್ತಾನೆ" ಎನ್ನುವ ಇನ್ನೊಂದು ವಾದವೂ ಇದೆ. ನ್ಯೂಯಾರ್ಕ್ ಪೊಲೀಸರು 2001ರ ದಾಳಿಯ ನಂತರ ಅದನ್ನೇ ಮಾಡಿದರು. ಮಸೀದಿ, ಹೋಟೆಲು, ಪುಸ್ತಕದಂಗಡಿ, ವಿದ್ಯಾರ್ಥಿ ಸಂಘಗಳ ಒಳಗೆಲ್ಲ ಮಫ್ತಿಯವರನ್ನೂ ಮಾಹಿತಿದಾರರನ್ನೂ ಕಳಿಸಿ, ಯಾರು ಏನು ಮಾತಾಡಿದರೆಂದು ವರ್ಷಗಟ್ಟಲೆ ಕಡತ ತುಂಬಿಸಿದರು. ಹೀಗೆ ಮುಸ್ಲಿಂ ಬಡಾವಣೆಗಳ ನಕ್ಷೆ ಬರೆಯುತ್ತಿದ್ದ ವಿಭಾಗದ ಕೆಲಸದಿಂದ ಭಯೋತ್ಪಾದನೆಯ ಒಂದು ತನಿಖೆಯೂ ಆರಂಭವಾಗಲಿಲ್ಲವೆಂದು ಅವರದೇ ಹಿರಿಯ ಅಧಿಕಾರಿ 2012ರಲ್ಲಿ ಪ್ರಮಾಣ ಮಾಡಿ ಹೇಳಿದರು. 2014ರಲ್ಲಿ ಆ ವಿಭಾಗವನ್ನೇ ಮುಚ್ಚಿದರು. ಸೂಜಿ ಹುಡುಕಬೇಕಾದವನು ಬಣವೆಗೆ ಇನ್ನಷ್ಟು ಹುಲ್ಲು ಒಟ್ಟಿದರೆ ಆಗುವುದು ಇಷ್ಟೇ.

ನಮ್ಮ ಚರ್ಚಾಪಟುಗಳಿಗೆ ಕಾಣದ ಈ ವ್ಯತ್ಯಾಸ ಉಗ್ರರಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ ಎನ್ನುವುದು ಎಂಥ ವಿಪರ್ಯಾಸ. 2017ರ ಫೆಬ್ರವರಿಯಲ್ಲಿ ಸಿಂಧ್ ಪ್ರಾಂತ್ಯದ ಸೆಹ್ವಾನಿನಲ್ಲಿ ಲಾಲ್ ಶಹಬಾಜ್ ಕಲಂದರ್ ದರ್ಗಾದಲ್ಲಿ ಬಾಂಬ್ ಸಿಡಿಸಿದವರು ಕೊಂದದ್ದು ಯಾರನ್ನು? ಅದೇ ವರ್ಷ ನವೆಂಬರ್ 24ರಂದು ಈಜಿಪ್ಟಿನ ಸಿನಾಯಿಯ ಮಸೀದಿಯಲ್ಲಿ ಶುಕ್ರವಾರದ ನಮಾಜಿಗೆ ಸೇರಿದ್ದ 300ಕ್ಕೂ ಹೆಚ್ಚು ಜನರನ್ನು ಕೊಂದದ್ದು ಯಾವ ಧರ್ಮದ ರಕ್ಷಣೆಗೆ? ತಮ್ಮ ದಾರಿಗೆ ಬಾರದ ಮುಸ್ಲಿಮನನ್ನು ಮೊದಲು ಧರ್ಮಭ್ರಷ್ಟನೆಂದು ಸಾರಿ ಆಮೇಲೆ ಕೊಲ್ಲುವುದು ಅವರ ಕ್ರಮ. ಪಶ್ಚಿಮ ದೇಶಗಳ ಮುಸ್ಲಿಮರು ನೆರೆಯವರೊಂದಿಗೆ ಹೊಂದಿಕೊಂಡು ಬಾಳುವ ನಡುವಿನ ಜಾಗವೇ ಇಲ್ಲವಾಗಬೇಕೆಂದು ಐಸಿಸ್ 2015ರಲ್ಲಿ ತನ್ನ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆದುಕೊಂಡಿತ್ತು. ಎಲ್ಲರೂ ಒಂದೇ ಎಂದು ಅರಚುವ ನಮ್ಮ ನಿರೂಪಕರು ಸಂಬಳವಿಲ್ಲದೆ ಮಾಡುತ್ತಿರುವುದು ಯಾರ ಕೆಲಸವನ್ನು ಎಂದು ಒಮ್ಮೆ ಯೋಚಿಸಲಿ. ಮುಂಬೈ ದಾಳಿಯಲ್ಲಿ ಸತ್ತ ಒಂಬತ್ತು ಉಗ್ರರನ್ನು ಹೂಳಲು ಮರೀನ್ ಲೈನ್ಸ್‌ನ ಬಡಾ ಖಬರಸ್ಥಾನದ ಟ್ರಸ್ಟ್ 2008ರಲ್ಲಿ ಜಾಗ ಕೊಡಲಿಲ್ಲ, ಶವಗಳು ವರ್ಷ ಮೀರಿ ಶವಾಗಾರದಲ್ಲೇ ಬಿದ್ದಿದ್ದವು. ಆ ಟ್ರಸ್ಟಿನವರು ಯಾವ ವೋಟಿಗೆ ನಿಂತಿದ್ದರು?

"ಪಹಲ್ಗಾಮಿನಲ್ಲಿ ಧರ್ಮ ಕೇಳಿ ಕೊಂದರಲ್ಲ, ಅದಕ್ಕೇನು ಹೇಳುತ್ತೀರಿ?" ಎಂಬ ಪ್ರಶ್ನೆ ಈ ಬರಹದ ಕೆಳಗೆ ಬಂದೇ ಬರುತ್ತದೆ, ಆದ್ದರಿಂದ ಈಗಲೇ ಹೇಳುತ್ತೇನೆ. ಹೌದು, 2025ರ ಏಪ್ರಿಲ್ 22ರಂದು ಬೈಸರನ್ ಹುಲ್ಲುಗಾವಲಿನಲ್ಲಿ ಧರ್ಮ ಕೇಳಿಯೇ ಕೊಂದರು. ಶಿವಮೊಗ್ಗಕ್ಕೂ ಬೆಂಗಳೂರಿಗೂ ಶವಪೆಟ್ಟಿಗೆಗಳು ಬಂದವು, ಆ ದಿನ ನನಗೂ ಅನ್ನ ಸೇರಲಿಲ್ಲ, ಕೊಂದವರಿಗೆ ಗಲ್ಲಾಗಲಿ ಎಂದು ನಾನೂ ಅಂದುಕೊಂಡೆ. ಅದೇ ಜಾಗದಲ್ಲಿ ಸತ್ತ 26 ಜನರಲ್ಲಿ ಕುದುರೆ ನಡೆಸಿ ಹೊಟ್ಟೆ ಹೊರೆಯುತ್ತಿದ್ದ ಸ್ಥಳೀಯ ಮುಸ್ಲಿಮನೊಬ್ಬನೂ ಇದ್ದ. ಎರಡು ತಿಂಗಳ ಬಳಿಕ ಉಗ್ರರಿಗೆ ಆಸರೆ ಕೊಟ್ಟ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಬಂಧಿಸಿದ ಇಬ್ಬರೂ ಸ್ಥಳೀಯ ಮುಸ್ಲಿಮರೇ. ಒಂದೇ ಊರಿನ ಸುತ್ತಿನ ಈ ಮೂವರನ್ನು ಎನ್‌ಐಎ ಬೇರ್ಪಡಿಸಿ ನೋಡಿತು. ಇತ್ತ ಆ ವಾರಗಳಲ್ಲಿ ನಮ್ಮ ದೇಶದ ಊರೂರುಗಳಲ್ಲಿ ಹಾಸ್ಟೆಲ್ಲಿನ ಕಾಶ್ಮೀರಿ ವಿದ್ಯಾರ್ಥಿಗಳ ಮೇಲೆ ಏರಿಹೋದ ವೀರರು ಯಾವ ಉಗ್ರನನ್ನು ಹಿಡಿದುಕೊಟ್ಟರು ಎಂಬುದನ್ನು ತಿಳಿದವರು ಕೆಳಗೆ ಬರೆಯಿರಿ. ಬೈಗುಳ ಬರೆಯುವವರು ಬೈಗುಳವನ್ನೇ ಬರೆಯಬಹುದು, ಅಳಿಸುವುದಿಲ್ಲ.