ಸತ್ಯಾಂಶ: ಆಟಿಕೆ ಕಾರಿನ ತಳದ ಇಸವಿ ಹೇಳುವುದೇ ಬೇರೆ

‘ತಳದಲ್ಲಿ 1982 ಅಂತಿದ್ದರೆ ಆ ಹಾಟ್ ವೀಲ್ಸ್ ಕಾರು 1982ರದ್ದೇ, ಭಾರಿ ಬೆಲೆ ಬಾಳುತ್ತೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅದು ವಿನ್ಯಾಸದ ಕಾಪಿರೈಟ್ ಇಸವಿ, ತಯಾರಾದ ವರ್ಷವಲ್ಲ. ಒಂದು ವಿನ್ಯಾಸದ ಕಾರುಗಳನ್ನು ಕಂಪನಿ ದಶಕಗಟ್ಟಲೆ ಎರಕ ಹೊಯ್ಯುವುದುಂಟು. ’67 ಕ್ಯಾಮರೋ (1967ರ ಷೆವರ್ಲೆ ಕ್ಯಾಮರೋ ಕಾರಿನ ಪುಟ್ಟ ರೂಪ) ಮಾದರಿ ಅಂಗಡಿಗೆ ಬಂದದ್ದೇ 1983ರಲ್ಲಿ. ಎಷ್ಟೋ ವರ್ಷಗಳ ನಂತರ ಬಂದವುಗಳ ತಳದಲ್ಲೂ 1982 ಎಂದೇ ಇದೆ. (ಮಾರುವವರಿಗೆ ಈ ಗೊಂದಲ ಅನುಕೂಲವೇ!)

2008ರಿಂದೀಚಿನವಾದರೆ ತಳದಲ್ಲಿ ಒಂದಕ್ಷರ, ಎರಡಂಕಿಯ ಪುಟ್ಟ ಕೋಡ್ ಹುಡುಕಿ. ಅಕ್ಷರ ತಯಾರಾದ ವರ್ಷ, ಅಂಕಿ ವಾರ: ‘ಬಿ15’ (B15) ಎಂದರೆ 2009ರ 15ನೇ ವಾರ. ಅದಕ್ಕೂ ಹಳೆಯದಾದರೆ ಚಕ್ರದ ವಿನ್ಯಾಸ, ಬಣ್ಣ, ತಳದ ಮೇಲಿನ ದೇಶದ ಹೆಸರು ಮೂರನ್ನೂ ಒಟ್ಟಿಗೆ ತಾಳೆ ನೋಡಬೇಕು. ಚಕ್ರಗಳನ್ನು ಯಾರಾದರೂ ಬದಲಿಸಿರಬಹುದು, ಹಾಗಾಗಿ ಅದೊಂದನ್ನೇ ನಂಬಬೇಡಿ.